ಸ್ಲಾಟಿಗೆ ಕೂತರೆ ಸಾಕೇ? ಗೇಮಿಂಗ್ ಪಿಸಿಯ ಭಾಗಗಳನ್ನು ಹೊಂದಿಸುವ ಲೆಕ್ಕ

ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡಿನ 8 ಜಿಬಿ ಮಾದರಿಯನ್ನು ಹಳೆಯ ಬಿ450 ಮದರ್‌ಬೋರ್ಡಿಗೆ ಸಿಕ್ಕಿಸಿ ನೋಡಿ. ಲಾಕ್ ಟಕ್ಕೆಂದು ಬೀಳುತ್ತದೆ, ಫ್ಯಾನ್ ತಿರುಗುತ್ತದೆ, ವಿಂಡೋಸ್ ಬರುತ್ತದೆ. ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಆ ಕಾರ್ಡ್ ಬಳಸುವುದು 16 ಲೇನ್ (ದತ್ತಾಂಶ ಸಾಗುವ ಓಣಿ) ಅಲ್ಲ, 8 ಮಾತ್ರ. ಪಿಸಿಐಇ 5.0 ಸ್ಲಾಟಿನಲ್ಲಿ (ಪಿಸಿಐಇ ಅಂದರೆ ಕಾರ್ಡ್ ಕೂರುವ ಸ್ಲಾಟಿನ ಮಾನದಂಡ, ಅಂಕಿ ಹೆಚ್ಚಾದಷ್ಟೂ ವೇಗ) ಆ ಎಂಟು ಲೇನ್‌ಗಳು ಸೆಕೆಂಡಿಗೆ ಸುಮಾರು 32 ಜಿಬಿ ಸಾಗಿಸಬಲ್ಲವು. ಬಿ450ರ ಪಿಸಿಐಇ 3.0 ಸ್ಲಾಟಿನಲ್ಲಿ ಅದು 8 ಜಿಬಿಗೆ ಇಳಿಯುತ್ತದೆ. ಆಟದ ಟೆಕ್ಸ್‌ಚರ್‌ಗಳು ಕಾರ್ಡಿನ ಮೆಮೊರಿ ತುಂಬಿ ಹೊರಗೆ ಚೆಲ್ಲಿದಾಗ ಮಿಕ್ಕದ್ದನ್ನು ರ‍್ಯಾಮ್‌ನಿಂದ ಈ ಓಣಿಯಲ್ಲೇ ತರಬೇಕು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಾಣುತ್ತದೆ, ಆಟ ಮಾತ್ರ ತಿರುವು ತಿರುವಿನಲ್ಲೂ ತಡವರಿಸುತ್ತದೆ.

ಕೂರುವುದು ಬೇರೆ, ಹೊಂದುವುದು ಬೇರೆ. ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಸರಿ ಇದೆಯೇ, ವ್ಯಾಟ್ ಸಾಕೇ ಎಂಬುದನ್ನು ಆನ್‌ಲೈನ್ ತಾಣಗಳು ಹೇಳುತ್ತವೆ. ಲೇನ್, ಮಿಲಿಮೀಟರ್, ಕೇಬಲ್, ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳ ತಂತ್ರಾಂಶ) ಆವೃತ್ತಿ, ಈ ನಾಲ್ಕನ್ನು ಕೊಳ್ಳುವವರೇ ನೋಡಿಕೊಳ್ಳಬೇಕು. ದುಡ್ಡು ಹೆಚ್ಚಾಗಿ ಪೋಲಾಗುವುದೂ ಇಲ್ಲೇ.

ಮೊದಲು ಮಾನಿಟರ್, ಆಮೇಲೆ ಕಾರ್ಡ್

ಬಹಳ ಜನ ಪ್ರೊಸೆಸರ್‌ನಿಂದ ಪಟ್ಟಿ ಶುರು ಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಎಷ್ಟು ಪಿಕ್ಸೆಲ್ ಬರೆಯಬೇಕು ಅನ್ನುವುದೇ ಮೊದಲ ಪ್ರಶ್ನೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪಿಕ್ಸೆಲ್ ಹೆಚ್ಚಾದಷ್ಟೂ ಹೊರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ವ್ಯಾಲೊರಂಟ್, ಸಿಎಸ್2 ತರಹದ ಆಟಗಳನ್ನು 1080ಪಿಯಲ್ಲಿ 240 ಹರ್ಟ್ಸ್‌ಗೆ ಆಡುವವರಿಗೆ ಮಾತ್ರ ಪ್ರೊಸೆಸರ್ ಮೊದಲು ಮುಖ್ಯವಾಗುತ್ತದೆ.

1080ಪಿಗೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಮತ್ತು ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಎದುರುಬದುರು ನಿಲ್ಲುತ್ತವೆ. ಮೊದಲನೆಯದು 160 ವ್ಯಾಟ್, 16 ಲೇನ್. ಎರಡನೆಯದು 180 ವ್ಯಾಟ್, 8 ಲೇನ್. ಪಿಸಿಐಇ 3.0 ಇರುವ ಹಳೆಯ ಬೋರ್ಡ್ ಉಳಿಸಿಕೊಂಡು ಕಾರ್ಡ್ ಮಾತ್ರ ಬದಲಿಸುವವರು 9060 ಎಕ್ಸ್‌ಟಿ ಕಡೆ ವಾಲುವುದು ವಾಸಿ. ಎರಡಕ್ಕೂ 8 ಜಿಬಿ ತಮ್ಮಂದಿರಿದ್ದಾರೆ. ಹೆಸರು ಅದೇ, ಪೆಟ್ಟಿಗೆಯೂ ಹೆಚ್ಚು ಕಡಿಮೆ ಅದೇ, ಹಾಗಾಗಿ ಬಿಲ್ಲಿನಲ್ಲಿ 16 ಜಿಬಿ ಎಂದು ಬರೆದಿದೆಯೇ ನೋಡಿಕೊಳ್ಳಿ.

1440ಪಿಯಲ್ಲಿ ಆಯ್ಕೆ ನಿಜಕ್ಕೂ ಕಷ್ಟ. ಆರ್‌ಟಿಎಕ್ಸ್ 5070ಗೆ 12 ಜಿಬಿ, 250 ವ್ಯಾಟ್. ಆರ್‌ಎಕ್ಸ್ 9070ಗೆ 16 ಜಿಬಿ, 220 ವ್ಯಾಟ್. 9070 ಎಕ್ಸ್‌ಟಿಗೆ 16 ಜಿಬಿ, 304 ವ್ಯಾಟ್. 5070 ಟಿಐಗೆ 16 ಜಿಬಿ, 300 ವ್ಯಾಟ್. ಬ್ಲೆಂಡರ್ ಬಳಸುವವರು, ಮನೆಯಲ್ಲೇ ಎಐ ಮಾದರಿ ಓಡಿಸುವವರು ಎನ್‌ವಿಡಿಯಾ ಬಿಟ್ಟು ಹೋಗಬೇಡಿ, ಅದರದೇ ತಂತ್ರಾಂಶ ವೇದಿಕೆಯಾದ ಕುಡಾ ಇಲ್ಲದೆ ಆ ಕೆಲಸಗಳು ತೊಡಕು. ಬರೀ ಆಟಕ್ಕಾದರೆ, ನಾಲ್ಕೈದು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ, 12 ಜಿಬಿಯ 5070ಗಿಂತ 16 ಜಿಬಿಯ 9070 ಎಕ್ಸ್‌ಟಿ ನಮ್ಮ ಆಯ್ಕೆ. 5070 ಟಿಐ ಅದಕ್ಕಿಂತ ಒಳ್ಳೆಯ ಕಾರ್ಡೇ, ಬೆಳಕು ನೆರಳನ್ನು ನೈಜವಾಗಿ ತೋರಿಸುವ ರೇ ಟ್ರೇಸಿಂಗ್‌ನಲ್ಲಿ ಖಂಡಿತ. ಆದರೆ ಬೆಲೆಯ ಅಂತರ ಪ್ರೊಸೆಸರ್‌ನ ದುಡ್ಡು ನುಂಗುವಷ್ಟಿದ್ದರೆ ಬಿಡಿ.

ಯಾವ ಸಾಕೆಟ್?

ಎಎಂ4, ಎಎಂ5, ಎಲ್‌ಜಿಎ 1700, ಎಲ್‌ಜಿಎ 1851. ಇವತ್ತು ಕೈಗೆ ಸಿಗುವ ನಾಲ್ಕು ದಾರಿ ಇವು, ಮೊದಲೆರಡು ಎಎಂಡಿಯವು, ಉಳಿದೆರಡು ಇಂಟೆಲ್‌ನವು.

ಎಎಂ4 ಬೋರ್ಡ್ ಈಗಾಗಲೇ ಮನೆಯಲ್ಲಿದ್ದವರಿಗೆ ಮಾತ್ರ ಅರ್ಥಪೂರ್ಣ. 5700 ಎಕ್ಸ್3ಡಿ ಪ್ರೊಸೆಸರ್ ಸಿಕ್ಕರೆ ಹಳೆಯ ಡಿಡಿಆರ್4 ರ‍್ಯಾಮ್ ಉಳಿಸಿಕೊಂಡೇ ಇನ್ನೂ ಕೆಲ ವರ್ಷ ತಳ್ಳಬಹುದು, ಆದರೆ ಹೊಸ ಪೆಟ್ಟಿಗೆ ಸಿಗುವುದು ಅಪರೂಪ. ಕಡಿಮೆ ಬೆಲೆಗೆ ಸಿಗುವ ರೈಜೆನ್ 5 5500ಗೆ ಮರುಳಾಗಬೇಡಿ. 5600ರ ತಮ್ಮನಂತೆ ಕಂಡರೂ ಅದು ಗ್ರಾಫಿಕ್ಸ್ ಚಿಪ್ಪನ್ನು ಮುಚ್ಚಿ ಮಾರಿದ 5600ಜಿ. ಪಿಸಿಐಇ 3.0 ಮಾತ್ರ ಕೊಡುತ್ತದೆ, ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 32ರ ಬದಲು 16 ಎಂಬಿ. ಬೋರ್ಡ್ ಬಿ550 ಆಗಿದ್ದರೂ ಸ್ಲಾಟ್ 3.0ಗೇ ನಿಲ್ಲುತ್ತದೆ.

ಎಲ್‌ಜಿಎ 1700 ಬೋರ್ಡಿನಲ್ಲಿ ಇಂಟೆಲ್‌ನ 12, 13, 14ನೇ ತಲೆಮಾರು ಕೂರುತ್ತವೆ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ ಬಿ760 ಬೋರ್ಡ್‌ಗಳಿವೆ. ಹೆಸರಿನ ಕೊನೆಯಲ್ಲಿ ಡಿ4 ಎಂದು ಇದೆಯೋ ಇಲ್ಲವೋ ಎನ್ನುವುದಷ್ಟೇ ವ್ಯತ್ಯಾಸ. ರ‍್ಯಾಮ್ ಕಡ್ಡಿಯ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದಲುಬದಲಾದರೆ ಕೂರುವುದಿಲ್ಲ, ಕೂರಿಸಲು ಒತ್ತಿದರೆ ಸ್ಲಾಟ್ ಒಡೆಯುತ್ತದೆ. 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು ಅತಿಯಾದ ವೋಲ್ಟೇಜ್ ಬೇಡಿ ಕ್ರಮೇಣ ಹಾಳಾಗುತ್ತಿದ್ದವು. ಇಂಟೆಲ್ ಇದನ್ನು ಒಪ್ಪಿಕೊಂಡು 2024ರ ಆಗಸ್ಟ್‌ನಿಂದ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯಾಸ್ ಅದಕ್ಕಿಂತ ಹಳೆಯದಾದರೆ ಮೊದಲು ಅಪ್‌ಡೇಟ್ ಮಾಡಿ. ಸೆಕೆಂಡ್ ಹ್ಯಾಂಡ್ 13900ಕೆ, 14900ಕೆ ಕೊಳ್ಳಲೇಬೇಡಿ, ಒಳಗೆ ಎಷ್ಟು ಸವೆದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಎಲ್‌ಜಿಎ 1851ಕ್ಕೆ ಬರುವುದು 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಕೋರ್ ಅಲ್ಟ್ರಾ 200 ಸರಣಿ. ವಿಡಿಯೊ ಎಡಿಟಿಂಗ್‌ಗೆ ಒಳ್ಳೆಯದು, ಕರೆಂಟೂ ಹಿಂದಿನದಕ್ಕಿಂತ ಕಡಿಮೆ ತಿನ್ನುತ್ತದೆ. ಆಟದಲ್ಲಿ ಮಾತ್ರ ಎಎಂಡಿಯ ದೊಡ್ಡ ಕ್ಯಾಶ್ ಇರುವ ಎಕ್ಸ್3ಡಿ ಚಿಪ್‌ಗಳ ಸಮಕ್ಕೆ ಬರುವುದಿಲ್ಲ.

ಹೊಸದಾಗಿ ಕಟ್ಟುವವರಿಗೆ ಎಎಂ5. ಈ ಮಾತಿನಲ್ಲಿ ನಮಗೆ ಅನುಮಾನವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ಈ ಸಾಕೆಟ್ಟಿಗೆ 7000, 8000, 9000 ಸರಣಿಗಳು ಕೂರುತ್ತವೆ, 2027ರವರೆಗೂ ಅದರಾಚೆಗೂ ಬೆಂಬಲ ಎಂದು ಎಎಂಡಿ ಹೇಳಿದೆ. ಇವತ್ತು 7600 ಹಾಕಿ, ಮೂರು ವರ್ಷ ಬಿಟ್ಟು ಬೋರ್ಡ್ ಬಿಚ್ಚದೆ ಎಕ್ಸ್3ಡಿಗೆ ಹೋಗಬಹುದು. 7800 ಎಕ್ಸ್3ಡಿ ಮತ್ತು 9800 ಎಕ್ಸ್3ಡಿ ಎರಡರಲ್ಲೂ 8 ಕೋರ್, 96 ಎಂಬಿ ಎಲ್3 ಕ್ಯಾಶ್. ಎರಡನೆಯದು ಚುರುಕು, ಬಿಸಿಯೂ ಹೆಚ್ಚು. 1440ಪಿಯಲ್ಲಿ 9070 ಎಕ್ಸ್‌ಟಿ ಜೊತೆ ಆಡುವಾಗ ಇವೆರಡರ ಅಂತರ ಬಹುತೇಕ ಆಟಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಗ್ಗದ್ದು ಯಾವುದೋ ಅದನ್ನೇ ಕೊಳ್ಳಿ.

ಎಎಂ5ರಲ್ಲೂ ಗುಂಡಿಗಳಿವೆ. ಮೊದಲನೆಯದು 8000ಜಿ ಸರಣಿ. 8700ಜಿ, 8600ಜಿ ಗ್ರಾಫಿಕ್ಸ್ ಕಾರ್ಡಿಗೆ ಕೊಡುವುದು 8 ಲೇನ್, 8500ಜಿ ಬರೀ 4. ಕಾರ್ಡ್ ಹಾಕುವ ಯೋಚನೆ ಇದ್ದರೆ ಇವುಗಳ ಗೊಡವೆ ಬೇಡ.

ಎರಡನೆಯದು ಬಯಾಸ್. ಗೋದಾಮಿನಲ್ಲಿ ಕೂತ ಹಳೆಯ ಬಿ650 ಬೋರ್ಡಿಗೆ 9000 ಸರಣಿಯ ಚಿಪ್ ಗುರುತೇ ಸಿಗದೆ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡಿನ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಬಚಾವ್. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ತಯಾರಕರ ತಾಣದ ಬಯಾಸ್ ಫೈಲನ್ನು ಮ್ಯಾನುಯಲ್ ಹೇಳಿದ ಹೆಸರಿನಲ್ಲೇ ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೇ ಸಿಕ್ಕಿಸಿ. 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟು ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ. ದೀಪ ಮಿನುಗುವುದು ನಿಲ್ಲುವವರೆಗೆ ಯಾವುದನ್ನೂ ಮುಟ್ಟಬೇಡಿ. ಸಂಜೆ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಮೇಲೆ ಮಾಡಿ, ನಡುವೆ ಕಡಿದರೆ ಬೋರ್ಡೇ ಏಳದಿರಬಹುದು. ಇನ್ನೂ ಒಂದು ಕಾರಣಕ್ಕೆ ಬಯಾಸ್ ಹೊಸದಾಗಿರಬೇಕು: 2023ರ ಏಪ್ರಿಲ್ ಸುಮಾರಿಗೆ ಪ್ರೊಸೆಸರ್‌ನ ಎಸ್‌ಒಸಿ ವೋಲ್ಟೇಜ್ ಮಿತಿ ಮೀರಿ ಕೆಲವು ಎಕ್ಸ್3ಡಿ ಚಿಪ್‌ಗಳು ಸುಟ್ಟವು, ಆಮೇಲಿನ ಬಯಾಸ್‌ಗಳು ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿವೆ.

ಮೂರನೆಯದು ಕೂಲರ್. ಎಎಂ5 ಬೋರ್ಡಿನ ಹಿಂದಿನ ಲೋಹದ ಪಟ್ಟಿ ಸಾಕೆಟ್ಟನ್ನೇ ಹಿಡಿದಿರುತ್ತದೆ, ಬಿಚ್ಚಲಾಗದು. ಆ ಪಟ್ಟಿಯನ್ನೇ ಬಳಸಿಕೊಳ್ಳುವ ಎಎಂ4 ಕೂಲರ್‌ಗಳು ನೇರವಾಗಿ ಕೂರುತ್ತವೆ. ತಮ್ಮದೇ ಹಿಂಪಟ್ಟಿ ತರುವ ಹಳೆಯ ಕೂಲರ್‌ಗಳು ಕೂರುವುದಿಲ್ಲ.

ಚಿಪ್‌ಸೆಟ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಾರ್ಡ್, ಎರಡು ಎಸ್‌ಎಸ್‌ಡಿಗೆ ಬಿ650 ಅಥವಾ ಬಿ850 ಧಾರಾಳ. ಎಕ್ಸ್870ರಲ್ಲಿ ಯುಎಸ್‌ಬಿ4 ಸಿಗುತ್ತದೆ, ಎಫ್‌ಪಿಎಸ್ ಹೆಚ್ಚುವುದಿಲ್ಲ. ಕೆಲವು ಎಕ್ಸ್870 ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟ್ 16ರಿಂದ 8 ಲೇನ್‌ಗೆ ಇಳಿಯುತ್ತದೆ ಎನ್ನುವ ವಿಷಯ ಮ್ಯಾನುಯಲ್ಲಿನ ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ.

ರ‍್ಯಾಮ್: ಎರಡೇ ಕಡ್ಡಿ

2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ, ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಈಗ 16, ಆಮೇಲೆ ಇನ್ನೊಂದು 16 ಎಂದು ಯೋಚಿಸುವವರು ಹೆಚ್ಚಿದ್ದಾರೆ. ಡಿಡಿಆರ್5ರಲ್ಲಿ ಈ ಲೆಕ್ಕ ಕೈಕೊಡುತ್ತದೆ. ನಾಲ್ಕು ಕಡ್ಡಿ ಹಾಕಿದರೆ 7000 ಸರಣಿಗೆ ಎಎಂಡಿ ಖಾತರಿ ಕೊಡುವ ವೇಗ ಬರೀ 3600. ಎರಡೇ ಕಡ್ಡಿಗೆ 5200, ಎಕ್ಸ್‌ಪೊ ಪ್ರೊಫೈಲ್ (ರ‍್ಯಾಮನ್ನು ಪೆಟ್ಟಿಗೆಯ ಮೇಲಿನ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಹಾಕಿದರೆ 6000 ಸಲೀಸು. ಬೇರೆ ಬೇರೆ ದಿನ ಕೊಂಡ ಎರಡು ಜೋಡಿ ಒಂದೇ ಮಾದರಿಯದಾದರೂ ಒಳಗಿನ ಚಿಪ್ ಬೇರೆಯಾಗಿರಬಹುದು. ಒಂದೇ ಪೆಟ್ಟಿಗೆಯಲ್ಲಿ ಬರುವ 16 ಜಿಬಿಯ ಎರಡು ಕಡ್ಡಿ ಕೊಂಡು ಸುಮ್ಮನಾಗಿ.

ವೇಗದ ಜೊತೆ ಸಿಎಲ್ ಅಂಕಿಯನ್ನೂ (ರ‍್ಯಾಮ್ ಉತ್ತರಿಸಲು ತೆಗೆದುಕೊಳ್ಳುವ ತಡ) ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಬರುತ್ತದೆ. 6000 ಸಿಎಲ್30 ಅಂದರೆ 10, 5200 ಸಿಎಲ್40 ಅಂದರೆ 15.4. ಎಕ್ಸ್3ಡಿ ಚಿಪ್‌ಗಳಿಗೆ ದೊಡ್ಡ ಕ್ಯಾಶ್ ಇರುವುದರಿಂದ ಇದರ ಪರಿಣಾಮ ಕಡಿಮೆ. ಅಂಥವರು ಸಿಎಲ್36ರ ಅಗ್ಗದ ಜೋಡಿ ಕೊಂಡರೂ ನಷ್ಟವಿಲ್ಲ. 7600, 9600 ಎಕ್ಸ್ ಹಾಕುವವರು ಸಿಎಲ್30ಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು.

ಎರಡು ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬಿದ್ದು ಬ್ಯಾಂಡ್‌ವಿಡ್ತ್ ಅರ್ಧವಾಗುತ್ತದೆ, ಪಿಸಿ ಮಾತ್ರ ಏನೂ ಹೇಳದೆ ನಡೆಯುತ್ತದೆ.

ಎಸ್‌ಎಂಪಿಎಸ್ ಮತ್ತು ನಮ್ಮೂರ ಕರೆಂಟು

ಗಾಜಿನ ಕ್ಯಾಬಿನೆಟ್, ಏಳು ಆರ್‌ಜಿಬಿ ಫ್ಯಾನ್, ಮಿಕ್ಕ ಚಿಲ್ಲರೆಯಲ್ಲಿ ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ. 9800 ಎಕ್ಸ್3ಡಿ ಗರಿಷ್ಠ 162 ವ್ಯಾಟ್, 9070 ಎಕ್ಸ್‌ಟಿ 304, ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿ ಸೇರಿ 80 ಎಂದುಕೊಳ್ಳಿ. ಒಟ್ಟು 546. ಆದರೆ ಕಾರ್ಡ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತನ್ನ ಮಿತಿಯನ್ನೂ ಮೀರಿ ಎಳೆಯುತ್ತದೆ. ಆ ಜಿಗಿತ ತಾಳದ ಎಸ್‌ಎಂಪಿಎಸ್ ಆಟದ ನಡುವೆ ಧಡಕ್ಕನೆ ಆಫ್ ಆಗುತ್ತದೆ. ಎಟಿಎಕ್ಸ್ 3.0 ಮತ್ತು 3.1 ಗುರುತಿನವು ಇದಕ್ಕೆಂದೇ ತಯಾರಾದವು. ಈ ಜೋಡಿಗೆ 750 ವ್ಯಾಟ್ ಸರಿ. ಎನ್‌ವಿಡಿಯಾ 5070ಗೆ 650, 5070 ಟಿಐಗೆ 750, 5080ಗೆ 850 ಹೇಳುತ್ತದೆ.

80 ಪ್ಲಸ್ ಗೋಲ್ಡ್ ಅಂದರೆ ಕರೆಂಟ್ ಎಷ್ಟು ಉಳಿಸುತ್ತದೆ ಎಂಬ ಗುರುತು, ಒಳಗಿನ ರಕ್ಷಣೆಯ ಗುಣಮಟ್ಟದ್ದಲ್ಲ. ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಸಾಲು ಓದಿ. 650 ವ್ಯಾಟ್ ಎಂದು ಹೇಳಿಕೊಳ್ಳುವುದು ಅಲ್ಲಿ ಸುಮಾರು 54 ಆಂಪ್ ತೋರಿಸಬೇಕು. 38 ಆಂಪ್ ಎಂದಿದ್ದರೆ ನಿಮ್ಮ ಕೈಗೆ ಸಿಗುವುದು 456 ವ್ಯಾಟ್, ಮಿಕ್ಕದ್ದು ಪೆಟ್ಟಿಗೆಯ ಮೇಲಿನ ಅಲಂಕಾರ.

ಹಳೆಯ ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಬೋರ್ಡಿನ ಕಡೆಯ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್ ಡಿಸ್ಕ್‌ಗಳು ಸುಡುತ್ತವೆ. ಒಂದೇ ಕಂಪನಿಯ ಎರಡು ಸರಣಿಗಳ ನಡುವೆಯೂ ಹೀಗಾಗುವುದುಂಟು.

ಎನ್‌ವಿಡಿಯಾದ 16 ಪಿನ್ ಕನೆಕ್ಟರ್‌ಗೆ ಇನ್ನೂ ಎಚ್ಚರ ಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಇದು ಕರಗಿದ ಸುದ್ದಿ ಎಲ್ಲೆಡೆ ಹರಡಿತ್ತು, ಪೂರ್ತಿ ಒಳಗೆ ಹೋಗದಿದ್ದದ್ದು ಮುಖ್ಯ ಕಾರಣಗಳಲ್ಲಿ ಒಂದು. ಈಗಿನ 12ವಿ-2×6 ಮಾದರಿಯಲ್ಲಿ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ, ಸಡಿಲವಿದ್ದರೆ ಕಾರ್ಡ್ ಪವರ್ ಎಳೆಯದಿರಲಿ ಎಂದು. ಹಾಗಿದ್ದರೂ ಅಂಚಿನಲ್ಲಿ ಬೆಳಕಿನ ಸಂದು ಕಾಣದಷ್ಟು ಒತ್ತಿ, ಮೊದಲ 35 ಮಿ.ಮೀ.ನಲ್ಲಿ ಕೇಬಲ್ ಬಗ್ಗಿಸಬೇಡಿ. ಎರಡು 8 ಪಿನ್ ಬೇಡುವ ಎಎಂಡಿ ಕಾರ್ಡ್‌ಗಳಿಗೆ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ, ಒಂದೇ ಕೇಬಲ್ಲಿನ ಕವಲು ಬೇಡ.

ಇನ್ನು ಯುಪಿಎಸ್. ಪೆಟ್ಟಿಗೆಯ ಮೇಲಿನ 600 ವಿಎ ನೋಡಿ ಮೋಸ ಹೋಗಬೇಡಿ, ಅದು ಸಾಮಾನ್ಯವಾಗಿ 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಅದೂ ಕುಯ್ಯೆಂದು ಕೂಗಿ ಪಿಸಿಯ ಜೊತೆಗೇ ಮಲಗುತ್ತದೆ. ಮೇಲಿನ ಜೋಡಿಗೆ ಮಾನಿಟರ್ ಸೇರಿ 1500 ವಿಎ ಹತ್ತಿರದ್ದು, ಸೈನ್ ವೇವ್ ಕೊಡುವಂಥದ್ದು ಬೇಕು. ಚೌಕಾಕಾರದ ಅಲೆ ಕೊಡುವ ಅಗ್ಗದ ಯುಪಿಎಸ್‌ಗೂ ಕರೆಂಟ್ ಎಳೆತವನ್ನು ಸರಿದೂಗಿಸುವ ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗೂ ಆಗಾಗ ಕೂಡಿಬರುವುದಿಲ್ಲ. ಮನೆಯ ಇನ್ವರ್ಟರ್ ಮೇಲೆಯೇ ನಡೆಸುವುದಾದರೆ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಕರೆಂಟ್ ಕಡಿದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಮೇಲೆ ಉಸಿರು ಹಿಡಿಯುವುದು ಹತ್ತಾರು ಮಿಲಿಸೆಕೆಂಡ್ ಅಷ್ಟೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದಾದರೆ ದೋಷ ಸಾಮಾನ್ಯವಾಗಿ ಪಿಸಿಯದಲ್ಲ, ಗೋಡೆಯ ಅರ್ಥಿಂಗ್‌ನದ್ದು. ಎಲೆಕ್ಟ್ರಿಷಿಯನ್ ಕರೆಸಿ.

ಕ್ಯಾಬಿನೆಟ್ಟಿನ ಮಿಲಿಮೀಟರ್

360 ಮಿ.ಮೀ. ಉದ್ದದ ಕಾರ್ಡ್ ಹಿಡಿಯುತ್ತದೆ ಎಂದು ಕ್ಯಾಬಿನೆಟ್ ಹೇಳುವುದು ಮುಂದೆ ಏನೂ ಇಲ್ಲದಿದ್ದಾಗ. ಮುಂದಕ್ಕೆ ಲಿಕ್ವಿಡ್ ಕೂಲರ್‌ನ ರೇಡಿಯೇಟರ್ ಹಾಕಿದರೆ ಅದರ 27, ಫ್ಯಾನಿನ 25, ಒಟ್ಟು 52 ಮಿ.ಮೀ. ಕಳೆಯಿರಿ. ಉಳಿದದ್ದು 308. ಮೂರು ಫ್ಯಾನಿನ 320 ಮಿ.ಮೀ. ಕಾರ್ಡ್ ಅಲ್ಲಿ ಹೋಗುವುದಿಲ್ಲ. ಮೇಲೆ ಹಾಕೋಣವೆಂದರೆ ಎತ್ತರದ ಆರ್‌ಜಿಬಿ ರ‍್ಯಾಮ್ ಅಡ್ಡ ಬರಬಹುದು. ಗಾಳಿ ಕೂಲರ್‌ಗೆ ಎತ್ತರದ ಮಿತಿ: ಎರಡು ಗೋಪುರದ ಕೂಲರ್‌ಗಳು 155ರಿಂದ 165 ಮಿ.ಮೀ., ರ‍್ಯಾಮ್ ಎತ್ತರವಾಗಿದ್ದು ಮುಂದಿನ ಫ್ಯಾನ್ ಮೇಲೆ ಸರಿಸಿದರೆ ಇನ್ನೂ ಐದು ಹತ್ತು. 16 ಪಿನ್ ಕೇಬಲ್ ಬಗ್ಗದೆ ಇರಲು ಕಾರ್ಡಿನ ಅಂಚಿನಿಂದ ಗಾಜಿಗೂ ಜಾಗ ಬೇಕು. ಇದನ್ನು ಅಳೆಯುವವರೇ ಕಡಿಮೆ.

7800 ಎಕ್ಸ್3ಡಿಗೆ ಒಳ್ಳೆಯ ಗಾಳಿ ಕೂಲರ್ ಸಾಕು. 253 ವ್ಯಾಟ್‌ವರೆಗೆ ಎಳೆಯುವ 14700ಕೆಗೆ ಮಾತ್ರ 360 ಮಿ.ಮೀ. ಲಿಕ್ವಿಡ್ ಕೂಲರ್ ಅನಿವಾರ್ಯ. ಮುಂಭಾಗ ಗಾಜಿಗಿಂತ ಜಾಲರಿ ಇರಲಿ. ಕೂಲರ್ ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. 25 ಡಿಗ್ರಿ ಕೋಣೆಯಲ್ಲಿ 75ಕ್ಕೆ ನಿಲ್ಲುವ ಚಿಪ್ ರಾಯಚೂರಿನ ಏಪ್ರಿಲ್‌ನಲ್ಲಿ 40 ಡಿಗ್ರಿ ಕೋಣೆಯಲ್ಲಿ 90ಕ್ಕೆ ಏರುತ್ತದೆ. ವಿದೇಶದ ರಿವ್ಯೂ ಅಂಕಿಗಳನ್ನು ಈ ಕಣ್ಣಿನಿಂದ ಓದಿ.

ಬೋರ್ಡ್ ಇಡುವ ಮೊದಲು ಅದನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ಎಣಿಸಿ. ದೊಡ್ಡ ಎಟಿಎಕ್ಸ್ ಬೋರ್ಡಿಗೆಂದು ಹಾಕಿದ್ದು ಚಿಕ್ಕ ಮೈಕ್ರೊ ಎಟಿಎಕ್ಸ್ ಬೋರ್ಡಿನ ಬೆನ್ನಿಗೆ ಚುಚ್ಚಿದರೆ ಶಾರ್ಟ್ ಆಗುತ್ತದೆ.

ಎಸ್‌ಎಸ್‌ಡಿಗೆ ಹೆಚ್ಚು ಹೇಳಬೇಕಿಲ್ಲ. 1 ಅಥವಾ 2 ಟಿಬಿಯ ಜೆನ್4 (ಪಿಸಿಐಇ 4.0) ಎನ್‌ವಿಎಂಇ ಕೊಳ್ಳಿ. ಜೆನ್5 ಬಿಸಿಯಾಗುತ್ತದೆ, ಆಟ ಲೋಡ್ ಆಗುವ ಹೊತ್ತು ಹೆಚ್ಚೇನೂ ಇಳಿಯುವುದಿಲ್ಲ.

ಕೊಳ್ಳುವುದು, ಮೊದಲ ಸಲ ಆನ್ ಮಾಡುವುದು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಎಲ್ಲ ಭಾಗಗಳನ್ನು ಒಂದೆರಡು ವಾರದೊಳಗೇ ಕೊಳ್ಳಿ. ಆಫರ್ ಕಾಯುತ್ತಾ ತಿಂಗಳಿಗೊಂದು ಕೊಂಡರೆ, ಬೋರ್ಡ್ ಸತ್ತಿದೆ ಎಂದು ತಿಳಿಯುವ ಹೊತ್ತಿಗೆ ಬದಲಿ ಕೊಡುವ ಅವಧಿ ಮುಗಿದಿರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿಲ್ಲದ ಅಗ್ಗಕ್ಕೆ ವಾರಂಟಿ ಬರುವುದಿಲ್ಲ.

ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಮಾತ್ರ ಹಾಕಿ ಆನ್ ಮಾಡಿ ನೋಡಿ. ಎಎಂ5ರಲ್ಲಿ ಮೊದಲ ಸಲ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ, ಬೋರ್ಡಿನ ಡಿಆರ್‌ಎಎಂ ದೀಪ ಹಳದಿಯಾಗಿ ಉರಿಯುತ್ತದೆ. ಅದು ಕೆಟ್ಟಿಲ್ಲ, ರ‍್ಯಾಮ್ ಜೊತೆ ತಾಳ ಕೂಡಿಸಿಕೊಳ್ಳುತ್ತಿದೆ. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹದಿನೈದು ನಿಮಿಷವಾದರೂ ಏನೂ ಬರದಿದ್ದರೆ ಒಂದೇ ಕಡ್ಡಿಯನ್ನು ಎರಡನೇ ಸ್ಲಾಟಿಗೆ, ಆಮೇಲೆ ನಾಲ್ಕನೆಯದಕ್ಕೆ ಹಾಕಿ ನೋಡಿ.

ವಿಂಡೋಸ್ ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ವೇಗ ನೋಡಿ. 4800 ತೋರಿಸಿದರೆ ಬಯಾಸ್‌ನಲ್ಲಿ ಎಕ್ಸ್‌ಪೊ ಆನ್ ಆಗಿಲ್ಲ, 6000ಕ್ಕೆ ಕೊಟ್ಟ ದುಡ್ಡು ಮಲಗಿದೆ. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಬಸ್ ಸಾಲಿನಲ್ಲಿ 16 ಲೇನ್ (5060 ಟಿಐಗೆ 8) ಇದೆಯೇ ಖಚಿತ ಮಾಡಿಕೊಳ್ಳಿ. ಖಾಲಿ ಕೂತಾಗ ಅದು ಪಿಸಿಐಇ 1.1 ಎಂದು ತೋರಿಸುವುದು ಸಹಜ, ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಭಾರ ಕೊಟ್ಟರೆ ನಿಜವಾದ ಅಂಕಿ ಬರುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಹೋಗಿರಲಿ. ಮತ್ತೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ. 180 ಹರ್ಟ್ಸ್‌ನ ಮಾನಿಟರ್ ಅಲ್ಲಿ 60ಕ್ಕೇ ನಿಂತಿರುವುದು ಬಹಳ ಸಾಮಾನ್ಯ.